ನೆಗ್ಗಿನ ಮುಳ್ಳಿನಿಂದ ಡಬ್ಬಿಯ ಪುಡಿಯವರೆಗೆ

ಅಫಜಲಪುರ ತಾಲ್ಲೂಕಿನ ಕರಜಗಿಯ ಕಡೆ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆದ ಹುಡುಗರಿಗೆ ನೆಗ್ಗಿನ ಮುಳ್ಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಜೋಡಿ ಜೋಡಿಯಾಗಿ ಸಾಲುಗಟ್ಟಿದ ಪುಟ್ಟ ಎಲೆ, ಐದು ಎಸಳಿನ ಹಳದಿ ಹೂವು. ಹೂವು ಹೋದ ಮೇಲೆ ಬಿಡುವ ಕಾಯಿ ಯಾವ ಮಗ್ಗುಲಿಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಂತಿರುತ್ತದೆ. ಚಪ್ಪಲಿ ತೂರಿ ಅಂಗಾಲಿಗೆ ಚುಚ್ಚುತ್ತದೆ, ಸೈಕಲ್ಲಿನ ಟ್ಯೂಬನ್ನು ಪಂಕ್ಚರ್ ಮಾಡುತ್ತದೆ. ಬದುವಿನ ಮೇಲೆ ಇನ್ನೊಂದು ಪೊದೆಯನ್ನೂ ಕಾಣಬಹುದು. ಬೂದು ಹಸಿರಿನ, ನವಿರು ರೋಮದ ಎಲೆ; ಕಾಗದದಂಥ ತೆಳು ಚೀಲದೊಳಗೆ ಬಟಾಣಿ ಗಾತ್ರದ ಕೆಂಪು ಹಣ್ಣು. ಇದು ಹಿರೇಮದ್ದಿನ ಗಿಡ, ಅಂದರೆ ಅಶ್ವಗಂಧ. ಬೇವಿನ ಮರದ ಮೇಲೆ ಹೃದಯದಾಕಾರದ ಎಲೆ ಬಿಟ್ಟು ಹಬ್ಬಿರುವ ಅಮೃತಬಳ್ಳಿಯಂತೂ ಮನೆಮನೆಗೂ ಗೊತ್ತು.

ಬದುವಿನ ಮೇಲೆ ಯಾರೂ ತಿರುಗಿ ನೋಡದ ಈ ಗಿಡಗಳೇ ಪಟ್ಟಣಕ್ಕೆ ಹೋಗಿ, ಪುಡಿಯಾಗಿ, ಮಾತ್ರೆಯಾಗಿ, ಹೊಳೆಯುವ ಡಬ್ಬಿಯೊಳಗೆ ಕುಳಿತು ಊರಿಗೆ ಮರಳುತ್ತವೆ. ಡಬ್ಬಿಯ ಮೇಲೆ ಕುದುರೆಯ ಚಿತ್ರವೋ ಸಿಂಹದ ಚಿತ್ರವೋ ಇರುತ್ತದೆ. ‘ಪುರುಷ ಶಕ್ತಿ’, ‘ಸಂತಾನ ಪ್ರಾಪ್ತಿ’, ‘ರೋಗನಿರೋಧಕ ಶಕ್ತಿ’ ಎಂಬ ಅಕ್ಷರಗಳಿರುತ್ತವೆ. ಸಂತೆಯ ಮೂಲೆಯಲ್ಲಿ ಡೇರೆ ಹಾಕಿದವನಿಂದ ಹಿಡಿದು ಮೊಬೈಲಿನ ಜಾಹೀರಾತಿನವರೆಗೆ ಹೇಳುವ ಮಾತು ಒಂದೇ: “ಗಿಡಮೂಲಿಕಿ ಔಷಧರಿ. ಹತ್ತಿದ್ರ ಹತ್ತತದ, ಇಲ್ಲಂದ್ರ ಲುಕ್ಸಾನ ಏನಿಲ್ಲ.”

ಈ ಮಾತಿನಲ್ಲಿ ಎರಡು ಹೇಳಿಕೆಗಳಿವೆ. ಔಷಧ ಹತ್ತುತ್ತದೆ ಎಂಬುದು ಒಂದು, ನಷ್ಟವೇನಿಲ್ಲ ಎಂಬುದು ಇನ್ನೊಂದು. ವಿಜ್ಞಾನದ ವಿದ್ಯಾರ್ಥಿಯಾದವನು ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಹಳೆಯ ಗ್ರಂಥ, ಹಳೆಯ ಆಸೆ

ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನ ಮತ್ತು ವಾಜೀಕರಣ ಎರಡು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯ ರಸಾಯನದ್ದು, ಎರಡನೆಯದು ವಾಜೀಕರಣದ್ದು. ರಸಾಯನವೆಂದರೆ ದೇಹಕ್ಕೆ ಬಲವನ್ನೂ ರೋಗವನ್ನು ತಡೆಯುವ ಶಕ್ತಿಯನ್ನೂ ಕೊಡುವ ಚಿಕಿತ್ಸೆ. ವಾಜಿ ಎಂದರೆ ಕುದುರೆ. ವಾಜೀಕರಣವೆಂದರೆ ಪುರುಷನಿಗೆ ಕುದುರೆಯ ಬಲವನ್ನೂ ಸಂತಾನವನ್ನೂ ಕೊಡಲೆಂದು ಹೇಳಿದ ಚಿಕಿತ್ಸೆ. ಅಶ್ವಗಂಧದ ಹೆಸರಿನಲ್ಲೂ ಕುದುರೆಯೇ ಇದೆ. ಅದರ ಹಸಿ ಬೇರಿಗೆ ಕುದುರೆಯ ಮೈವಾಸನೆ ಇರುವುದರಿಂದ ಆ ಹೆಸರು ಬಂದಿತು.

ಹೆಸರು ಹಳೆಯದು, ನಂಬಿಕೆಯೂ ಹಳೆಯದು. ಹಳೆಯದೆಂದ ಮಾತ್ರಕ್ಕೆ ಸುಳ್ಳೆನ್ನಲಾಗದು, ನಿಜವೆನ್ನಲೂ ಆಗದು. ಗಿಡದಲ್ಲಿ ಔಷಧವಿದ್ದಂತೆ ವಿಷವೂ ಇದೆ ಎಂಬುದು ಕನ್ನಡ ನಾಡಿನ ಹಿಂದಿನ ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. 14ನೇ ಶತಮಾನದಲ್ಲಿ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೆಂದೇ ಮೀಸಲಾದ ಕನ್ನಡ ಗ್ರಂಥ. ‘ಗಿಡಮೂಲಿಕೆ, ಆದ್ದರಿಂದ ನಿರಪಾಯ’ ಎಂಬ ವಾದ ನಮ್ಮ ಪರಂಪರೆಯದಲ್ಲ; ಅದು ಅಂಗಡಿಯವರ ವಾದ.

ಎಪ್ಪತ್ನಾಲ್ಕು ದಿನಗಳ ಕಾರ್ಖಾನೆ

ಔಷಧದ ಮಾತಿಗೆ ಮೊದಲು ದೇಹದ ಮಾತು. ಹತ್ತನೆಯ ತರಗತಿಯ ಪುಸ್ತಕದಲ್ಲಿ ಇರುವ, ಆದರೆ ಎಷ್ಟೋ ತರಗತಿಗಳಲ್ಲಿ ಬೇಗ ಬೇಗ ಪುಟ ತಿರುವಿ ಮುಗಿಸುವ ಪಾಠವಿದು.

ಪುರುಷನ ವೃಷಣಗಳಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡ ಸೂಕ್ಷ್ಮ ನಾಳಗಳಿವೆ. ಅಲ್ಲಿ ದಿನವೂ ಕೋಟಿಗಟ್ಟಲೆ ವೀರ್ಯಾಣುಗಳು ತಯಾರಾಗುತ್ತವೆ. ಒಂದು ಮೂಲಕೋಶ ಹಂತಹಂತವಾಗಿ ಒಡೆದು, ಬಾಲವುಳ್ಳ ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ಆಮೇಲೆ ಅದು ಪಕ್ಕದ ನಾಳದಲ್ಲಿ ಕೆಲವು ದಿನ ಸಾಗಿ ಈಜುವ ಶಕ್ತಿ ಪಡೆಯುತ್ತದೆ. ಒಟ್ಟು ಲೆಕ್ಕ ಸುಮಾರು ಮೂರು ತಿಂಗಳು. ಅಂದರೆ ಇಂದು ತಿಂದ ಔಷಧ, ಇಂದು ಬಿಟ್ಟ ತಂಬಾಕು, ಇಂದು ಬಂದ ಜ್ವರ, ಇವುಗಳ ಪೂರ್ತಿ ಪರಿಣಾಮ ತಿಳಿಯುವುದು ಮೂರು ತಿಂಗಳ ನಂತರ. ‘ಏಳೇ ದಿನಗಳಲ್ಲಿ ಫಲಿತಾಂಶ’ ಎಂದು ಬರೆದ ಡಬ್ಬಿಯನ್ನು ಈ ಒಂದು ಲೆಕ್ಕದಿಂದಲೇ ಪಕ್ಕಕ್ಕಿಡಬಹುದು.

ಈ ಕಾರ್ಖಾನೆಗೆ ತಂಪು ಬೇಕು. ದೇಹದ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಇದ್ದರೆ ವೃಷಣಗಳಿಗೆ ಅದಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಇರಬೇಕು. ಅವು ಹೊಟ್ಟೆಯ ಹೊರಗೆ ಇರುವುದು ಇದಕ್ಕಾಗಿಯೇ. ಕುಲುಮೆ, ಬಾಯ್ಲರುಗಳ ಮುಂದೆ ವರ್ಷಗಟ್ಟಲೆ ದುಡಿಯುವವರಲ್ಲಿ ವೀರ್ಯಾಣುಗಳ ಸಂಖ್ಯೆ ತಗ್ಗಬಹುದು. ಮಗುವಾಗಿದ್ದಾಗ ವೃಷಣ ಹೊಟ್ಟೆಯಿಂದ ಕೆಳಗಿಳಿಯದಿದ್ದರೆ ಮೊದಲ ವರ್ಷದ ಹೊತ್ತಿಗೆ ವೈದ್ಯರಿಗೆ ತೋರಿಸಬೇಕೆನ್ನುವುದಕ್ಕೂ ಇದು ಒಂದು ಕಾರಣ. ತಾಯಂದಿರು ಸ್ನಾನ ಮಾಡಿಸುವಾಗ ಇದನ್ನು ಗಮನಿಸುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರ್ ವೀರ್ಯದಲ್ಲಿ 1.6 ಕೋಟಿ ವೀರ್ಯಾಣುಗಳು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಇದ್ದರೆ ಮಕ್ಕಳಾಗುವುದೇ ಇಲ್ಲವೆಂದಲ್ಲ, ಕಷ್ಟವಾಗಬಹುದು ಎಂದರ್ಥ. ಸಂಖ್ಯೆಯಷ್ಟೇ ಅಲ್ಲ, ಅವುಗಳ ಚಲನೆ ಮತ್ತು ಆಕಾರವೂ ಮುಖ್ಯ.

ಕುದುರೆ ವಾಸನೆಯ ಬೇರು

ಅಶ್ವಗಂಧ ಬದನೆ, ಟೊಮೆಟೊ, ಮೆಣಸಿನಕಾಯಿಗಳ ಕುಟುಂಬಕ್ಕೆ ಸೇರಿದ ಗಿಡ. ದತ್ತೂರಿಯೂ ಅದೇ ಕುಟುಂಬದ್ದು. ಸಸ್ಯವಿಜ್ಞಾನದಲ್ಲಿ ಇದರ ಹೆಸರು ವಿಥೇನಿಯ ಸೋಮ್ನಿಫೆರಾ; ಎರಡನೆಯ ಪದದ ಅರ್ಥ ‘ನಿದ್ದೆ ತರಿಸುವಂಥದು’. ಇದರ ಬೇರು, ಎಲೆಗಳಲ್ಲಿ ವಿಥನೋಲೈಡ್ ಎಂಬ ರಾಸಾಯನಿಕಗಳ ಗುಂಪೇ ಇದೆ.

ಪುರುಷರ ಫಲವತ್ತತೆಯ ವಿಷಯದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದ ನಮ್ಮ ಗಿಡಗಳಲ್ಲಿ ಇದೂ ಒಂದು. ಲಖನೌದ ಸಂಶೋಧಕರು 75 ಮಂದಿ ಮಕ್ಕಳಾಗದ ಪುರುಷರಿಗೆ ಮೂರು ತಿಂಗಳು ದಿನಕ್ಕೆ 5 ಗ್ರಾಂ ಬೇರಿನ ಪುಡಿ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ ವೀರ್ಯದ ಗುಣಮಟ್ಟ ಸುಧಾರಿಸಿತು. 2013ರಲ್ಲಿ ಇನ್ನೊಂದು ಭಾರತೀಯ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ವೀರ್ಯಾಣು ಕಡಿಮೆ ಇದ್ದ 46 ಪುರುಷರಿದ್ದರು. 21 ಮಂದಿಗೆ ದಿನಕ್ಕೆ 675 ಮಿಲಿಗ್ರಾಂ ಬೇರಿನ ಸಾರ, ಉಳಿದ 25 ಮಂದಿಗೆ ಅದೇ ರೂಪದ ಹುಸಿ ಔಷಧ. 90 ದಿನಗಳ ನಂತರ ಔಷಧ ಪಡೆದವರಲ್ಲಿ ಸರಾಸರಿ ಸಂಖ್ಯೆ ಮಿಲಿಲೀಟರಿಗೆ ಸುಮಾರು 96 ಲಕ್ಷದಿಂದ 2.56 ಕೋಟಿಗೆ ಏರಿತ್ತು. ಡಬ್ಬಿಗಳ ಮೇಲೆ ‘ಶೇಕಡ 167 ಹೆಚ್ಚಳ’ ಎಂದು ಮೆರೆಯುವ ಅಂಕಿ ಬಂದದ್ದು ಇಲ್ಲಿಂದಲೇ.

ಇದು ಸಣ್ಣ ಮಾತಲ್ಲ. ಹಾಗೆಂದು ಇಷ್ಟಕ್ಕೇ ತೀರ್ಪು ಕೊಟ್ಟುಬಿಡುವಂತೆಯೂ ಇಲ್ಲ. ಇಲ್ಲಿ ಮೂರು ಪ್ರಶ್ನೆ ಕೇಳಬೇಕು. ಮೊದಲನೆಯದು, ಎಷ್ಟು ಜನ? 21 ಮಂದಿ ಬಹಳ ಕಡಿಮೆ. ಒಬ್ಬನೇ ಮನುಷ್ಯನ ವೀರ್ಯಾಣು ಸಂಖ್ಯೆ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ತಾನಾಗಿಯೇ ಏರಿಳಿಯುತ್ತದೆ. ಎರಡನೆಯದು, ಹೋಲಿಕೆ ಯಾವುದರೊಂದಿಗೆ? ಲಖನೌದ ಅಧ್ಯಯನದಲ್ಲಿ ಹುಸಿ ಔಷಧದ ಗುಂಪಿರಲಿಲ್ಲ. ಮೂರನೆಯದು, ಅಳೆದದ್ದು ಏನನ್ನು? ಮನೆಯವರಿಗೆ ಬೇಕಾದದ್ದು ತೊಟ್ಟಿಲಲ್ಲಿ ಮಗು. ಪ್ರಯೋಗಾಲಯ ಎಣಿಸಿದ್ದು ವೀರ್ಯಾಣು. ಒಂದು ಹೆಚ್ಚಿದರೆ ಇನ್ನೊಂದು ಬಂದೇ ಬರುತ್ತದೆ ಎನ್ನುವಂತಿಲ್ಲ.

ಈ ಪ್ರಶ್ನೆಗಳು ಎಷ್ಟು ಮುಖ್ಯವೆಂಬುದಕ್ಕೆ ಸತುವಿನ ಕಥೆಯೇ ಸಾಕ್ಷಿ. ಸತು ಮತ್ತು ಫೋಲಿಕ್ ಆಮ್ಲದ ಮಾತ್ರೆಯಿಂದ ಪುರುಷರ ಫಲವತ್ತತೆ ಹೆಚ್ಚುತ್ತದೆಂದು ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದವು. ಅಮೆರಿಕದಲ್ಲಿ 2,370 ದಂಪತಿಗಳನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗವೇ ನಡೆಯಿತು. 2020ರಲ್ಲಿ ಬಂದ ಫಲಿತಾಂಶದಂತೆ ಮಾತ್ರೆ ತಿಂದವರಿಗೂ ಹುಸಿ ಮಾತ್ರೆ ತಿಂದವರಿಗೂ ಮಕ್ಕಳಾಗುವುದರಲ್ಲಿ ವ್ಯತ್ಯಾಸವಿರಲಿಲ್ಲ. ಸಣ್ಣ ತಕ್ಕಡಿಯಲ್ಲಿ ಭಾರ ತೂಗಿದ್ದು ದೊಡ್ಡ ತಕ್ಕಡಿಯಲ್ಲಿ ಹಗುರಾಗಬಹುದು.

ಅಶ್ವಗಂಧದ ಬಗ್ಗೆ ತಿರುಗುಮುರುಗಾದ ಫಲಿತಾಂಶವೂ ಇದೆ. 2002ರಲ್ಲಿ ಶ್ರೀಲಂಕಾದ ಸಂಶೋಧಕರು ಗಂಡು ಇಲಿಗಳಿಗೆ ಏಳು ದಿನ ಇದರ ಬೇರಿನ ಸಾರವನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಅವುಗಳ ಲೈಂಗಿಕ ಆಸಕ್ತಿ ಕುಗ್ಗಿತು. ‘ನಿದ್ದೆ ತರಿಸುವಂಥದು’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಬಲ್ಗೇರಿಯಕ್ಕೆ ಹೋದ ಮುಳ್ಳು

ಇನ್ನು ನೆಗ್ಗಿನ ಮುಳ್ಳು. ಸಂಸ್ಕೃತದಲ್ಲಿ ಗೋಕ್ಷುರ. ಇದು ಭಾರತದಲ್ಲಷ್ಟೇ ಅಲ್ಲ, ದಕ್ಷಿಣ ಯುರೋಪು, ಆಫ್ರಿಕಗಳ ಒಣನೆಲದಲ್ಲೂ ಬೆಳೆಯುತ್ತದೆ. ಬಲ್ಗೇರಿಯದಲ್ಲಿ ಇದರಿಂದ ಮಾತ್ರೆ ತಯಾರಿಸಿದರು. 1980ರ ದಶಕದಲ್ಲಿ ಆ ದೇಶದ ಭಾರ ಎತ್ತುವ ಕ್ರೀಡಾಪಟುಗಳು ಪದಕ ಗೆಲ್ಲುತ್ತಿದ್ದರು. ಅವರ ಗುಟ್ಟು ಈ ಮುಳ್ಳೇ ಎಂಬ ಮಾತು ಹಬ್ಬಿತು. ಇದು ಪುರುಷರ ಹಾರ್ಮೋನಾದ ಟೆಸ್ಟೋಸ್ಟಿರೋನನ್ನು ಏರಿಸುತ್ತದೆ ಎಂದು ಜಗತ್ತಿನ ಜಿಮ್‌ಗಳೆಲ್ಲ ನಂಬಿದವು.

ಅಳೆದು ನೋಡಿದ್ದೂ ಬಲ್ಗೇರಿಯದವರೇ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 21 ಆರೋಗ್ಯವಂತ ಯುವಕರಿಗೆ ನಾಲ್ಕು ವಾರ ಇದನ್ನು ಕೊಟ್ಟಾಗ ಹಾರ್ಮೋನ್ ಏರಲಿಲ್ಲ. 2007ರಲ್ಲಿ ಆಸ್ಟ್ರೇಲಿಯದ ರಗ್ಬಿ ಆಟಗಾರರ ಮೇಲೆ ಐದು ವಾರ ನಡೆದ ಪ್ರಯೋಗದಲ್ಲೂ ಬಲವಾಗಲಿ ಸ್ನಾಯುವಾಗಲಿ ಹುಸಿ ಔಷಧಕ್ಕಿಂತ ಹೆಚ್ಚಾಗಲಿಲ್ಲ. ಇನ್ನೊಂದು ಸಂಗತಿ ಕುರಿ ಕಾಯುವವರಿಗೆ ರುಚಿಸಬಹುದು. ದಕ್ಷಿಣ ಆಫ್ರಿಕದ ಒಣ ಬಯಲಿನಲ್ಲಿ ಈ ಬಳ್ಳಿಯನ್ನು ಹೆಚ್ಚು ಮೇಯ್ದ ಕುರಿಗಳಿಗೆ ಪಿತ್ತಜನಕಾಂಗ ಕೆಟ್ಟು, ಮುಖ ಊದಿ, ಬಿಸಿಲು ತಡೆಯಲಾಗದ ರೋಗ ಬರುತ್ತದೆ. ಅಲ್ಲಿನವರು ಅದನ್ನು ‘ಹಳದಿ ಊದಿದ ತಲೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಜಿಮ್‌ಗೆ ಹೋಗುವ ಹುಡುಗರು ಇಲ್ಲೇ ಒಂದು ಮಾತು ತಿಳಿದಿರಬೇಕು. ಟೆಸ್ಟೋಸ್ಟಿರೋನನ್ನೂ ಅದರ ಜಾತಿಯ ಸ್ಟಿರಾಯ್ಡ್‌ಗಳನ್ನೂ ಹೊರಗಿನಿಂದ ಚುಚ್ಚಿಸಿಕೊಂಡರೆ ಮೆದುಳು ‘ಸಾಕಷ್ಟಿದೆ’ ಎಂದು ತಿಳಿದು ವೃಷಣಗಳಿಗೆ ಹೋಗುವ ಆಜ್ಞೆಯನ್ನು ನಿಲ್ಲಿಸುತ್ತದೆ. ವೀರ್ಯಾಣು ತಯಾರಿಕೆ ಕುಸಿಯುತ್ತದೆ, ಕೆಲವರಲ್ಲಿ ಸೊನ್ನೆಗೇ ಇಳಿಯುತ್ತದೆ. ತೋಳು ದಪ್ಪವಾದವನೇ ತಂದೆಯಾಗಲಾರದೆ ವೈದ್ಯರ ಮುಂದೆ ಕೂರುವುದು ಹೀಗೆ.

ಕಲಬುರಗಿಯ ಇಲಿಗಳು, ಚೀನಾದ ಹತ್ತಿಯೆಣ್ಣೆ

ಗಿಡಮೂಲಿಕೆ ಫಲವತ್ತತೆಯನ್ನು ಹೆಚ್ಚಿಸುವುದಾದರೆ ಕಡಿಮೆ ಮಾಡುವ ಶಕ್ತಿಯೂ ಅದಕ್ಕೆ ಇರಬಹುದಲ್ಲವೆ? ಈ ಪ್ರಶ್ನೆಯನ್ನು ಕರಜಗಿಯ ಜಿಲ್ಲಾಕೇಂದ್ರದಲ್ಲಿರುವ ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರೇ ಕೈಗೆತ್ತಿಕೊಂಡಿದ್ದರು. 1998ರಲ್ಲಿ ಅಲ್ಲಿನ ಸಂಶೋಧಕರು ಹಾಗಲಕಾಯಿ ಬೀಜದ ಸಾರವನ್ನು ಗಂಡು ಇಲಿಗಳಿಗೆ ಕೊಟ್ಟಾಗ ವೀರ್ಯಾಣುಗಳ ತಯಾರಿಕೆ ತಗ್ಗಿದ್ದನ್ನು ವರದಿ ಮಾಡಿದರು. 2004ರಲ್ಲಿ ಹಸಿರೆಲೆ ಗೊಬ್ಬರಕ್ಕಾಗಿ ಬಿತ್ತುವ ಸೆಣಬಿನ ಬೀಜದ ಸಾರದಿಂದ ಸುಂಡಿಲಿಗಳಲ್ಲೂ ಅಂಥದೇ ಪರಿಣಾಮ ಕಂಡರು. ಇದನ್ನು ಓದಿ ಯಾರೂ ಹಾಗಲಕಾಯಿ ಪಲ್ಯ ಬಿಡಬೇಕಾಗಿಲ್ಲ. ಇಲಿಗೆ ಕೊಟ್ಟದ್ದು ಬೀಜದಿಂದ ರಾಸಾಯನಿಕವಾಗಿ ತೆಗೆದ ಗಾಢ ಸಾರ, ತಟ್ಟೆಯಲ್ಲಿರುವುದು ತರಕಾರಿ. ಇಲಿಯ ಫಲಿತಾಂಶವನ್ನು ನೇರವಾಗಿ ಮನುಷ್ಯನಿಗೆ ಹೊರಿಸಬಾರದು. ಈ ಎಚ್ಚರ ಹಾಗಲಕ್ಕೆ ಅನ್ವಯಿಸುವುದಾದರೆ ಇಲಿಯ ಲೆಕ್ಕ ತೋರಿಸಿ ಮಾರುವ ಶಕ್ತಿವರ್ಧಕ ಪುಡಿಗೂ ಅನ್ವಯಿಸಬೇಕು.

ಮನುಷ್ಯರಲ್ಲೇ ಸಾಬೀತಾದ ಉದಾಹರಣೆ ಎಂದರೆ ಹತ್ತಿ. ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆಯನ್ನು ಅಡುಗೆಗೆ ಬಳಸತೊಡಗಿದ ಮೇಲೆ ಮಕ್ಕಳಾಗುವುದೇ ನಿಂತಿತು. ಕಾರಣ ಹುಡುಕಿದಾಗ ಬೀಜದಲ್ಲಿರುವ ಗಾಸಿಪಾಲ್ ಎಂಬ ಹಳದಿ ವಸ್ತು ಸಿಕ್ಕಿತು. ಇದನ್ನೇ ಗಂಡಸರ ಕುಟುಂಬ ಯೋಜನೆಯ ಮಾತ್ರೆಯಾಗಿ ಮಾಡಬಹುದೆಂದು 1970ರ ದಶಕದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಪುರುಷರಿಗೆ ಕೊಟ್ಟು ನೋಡಿದರು. ವೀರ್ಯಾಣುಗಳು ಕಡಿಮೆಯಾದದ್ದು ನಿಜ. ಆದರೆ ಕೆಲವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಕೈಕಾಲು ಸೋತವು. ಇನ್ನು ಕೆಲವರಲ್ಲಿ ಮಾತ್ರೆ ನಿಲ್ಲಿಸಿದರೂ ಫಲವತ್ತತೆ ಮರಳಲಿಲ್ಲ. ಆ ಯೋಜನೆಯನ್ನು ಕೈಬಿಡಲಾಯಿತು. ಇಂದು ಅಡುಗೆಗೆ ಸಿಗುವ ಹತ್ತಿಬೀಜದ ಎಣ್ಣೆಯಲ್ಲಿ ಶುದ್ಧೀಕರಣದಿಂದ ಗಾಸಿಪಾಲ್ ಹೋಗಿರುತ್ತದೆ. ಮೆಲುಕು ಹಾಕುವ ಎಮ್ಮೆಗೆ ಹತ್ತಿಕಾಳು ದಕ್ಕುವುದೂ ಅದರ ಮೊದಲ ಹೊಟ್ಟೆಯಲ್ಲಿ ಈ ವಸ್ತುವಿನ ಶಕ್ತಿ ಕುಂದುವುದರಿಂದ.

ರೋಗನಿರೋಧಕ ಶಕ್ತಿಯೆಂದರೆ ಏನು?

ಡಬ್ಬಿಯ ಮೇಲಿನ ಎರಡನೆಯ ಭರವಸೆ ರೋಗನಿರೋಧಕ ಶಕ್ತಿ. ಇದನ್ನು ಜನ ಪೆಟ್ರೋಲಿನಂತೆ ತಿಳಿದಿದ್ದಾರೆ, ತುಂಬಿಸಿದಷ್ಟೂ ಒಳ್ಳೆಯದು! ನಿಜವಾಗಿ ಅದು ಊರ ಕಾವಲಿನ ಹಾಗೆ. ಕಳ್ಳನನ್ನು ಹಿಡಿಯಬೇಕು, ಮನೆಯವರನ್ನು ಹೊಡೆಯಬಾರದು. ಕಾವಲುಗಾರರು ಗುರುತು ತಪ್ಪಿ ಮನೆಯವರ ಮೇಲೇ ಬಿದ್ದರೆ ಸಂಧಿವಾತ, ಥೈರಾಯ್ಡ್, ಪಿತ್ತಜನಕಾಂಗದ ಕೆಲವು ಕಾಯಿಲೆಗಳು ಹುಟ್ಟುತ್ತವೆ.

ಫಲವತ್ತತೆಗೂ ಈ ಕಾವಲಿಗೂ ಒಂದು ಸೋಜಿಗದ ನಂಟಿದೆ. ದೇಹದ ಕಾವಲುಪಡೆ ‘ಇವರು ನಮ್ಮವರು’ ಎಂದು ಗುರುತು ಕಲಿಯುವುದು ಮುಖ್ಯವಾಗಿ ಎಳವೆಯಲ್ಲಿ. ವೀರ್ಯಾಣುಗಳು ಹುಟ್ಟುವುದಾದರೋ ಹುಡುಗನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ. ತಡವಾಗಿ ಬಂದ ಈ ಕೋಶಗಳು ಕಾವಲಿನ ಕಣ್ಣಿಗೆ ಹೊರಗಿನವು! ಆದ್ದರಿಂದ ವೃಷಣದ ನಾಳಗಳಲ್ಲಿ ಸರ್ಟೋಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಗೋಡೆ ಕಟ್ಟಿವೆ. ಪೆಟ್ಟು ಬಿದ್ದೋ ಸೋಂಕಿನಿಂದಲೋ ಆ ಗೋಡೆ ಒಡೆದರೆ ದೇಹವೇ ತನ್ನ ವೀರ್ಯಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಮಂಗನ ಬಾವು ದೊಡ್ಡ ಹುಡುಗರಿಗೆ ಬಂದಾಗ ಕೆಲವರಲ್ಲಿ ವೃಷಣಗಳೂ ಊದಿಕೊಳ್ಳುತ್ತವೆ. ಅಪರೂಪಕ್ಕೆ ಫಲವತ್ತತೆಗೆ ಕುಂದು ಬರುತ್ತದೆ. ಮಂಗನ ಬಾವನ್ನು ತಡೆಯುವ ಲಸಿಕೆ ಇದೆ. ಮಗನ ಮುಂದಿನ ಬದುಕಿನ ಬಗ್ಗೆ ಯೋಚಿಸುವ ತಂದೆತಾಯಿ ಡಬ್ಬಿಯ ಪುಡಿಗಿಂತ ಮೊದಲು ಈ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳುವುದು ಲೇಸು.

ಅಮೃತಬಳ್ಳಿಯ ಕಾಂಡದ ಕೆಲವು ಅಂಶಗಳು ಪ್ರಯೋಗಾಲಯದಲ್ಲಿ ರೋಗಾಣು ನುಂಗುವ ಬಿಳಿ ರಕ್ತಕಣಗಳನ್ನು ಚುರುಕುಗೊಳಿಸುತ್ತವೆ. ಅದು ಸುಳ್ಳಲ್ಲ. ಆದರೆ ಕಾವಲು ಚುರುಕಾದಾಗ ಒಳಜಗಳವೂ ಚುರುಕಾಗಬಹುದು. 2020ರ ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಪಿತ್ತಜನಕಾಂಗದ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಗಿಡದ ಗುರುತು ಸರಿಯಾಗಿ ಹಿಡಿದಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇದ್ದಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಅಂಥ 43 ರೋಗಿಗಳ ವಿವರ ಪ್ರಕಟಿಸಿದರು. ಕೋಟ್ಯಂತರ ಜನ ಕುಡಿದದ್ದರಲ್ಲಿ ಇದು ಚಿಕ್ಕ ಸಂಖ್ಯೆಯೇ. ಆದರೂ ಥೈರಾಯ್ಡ್, ಸಂಧಿವಾತದಂಥ ಕಾಯಿಲೆ ಇರುವವರು ತಿಂಗಳುಗಟ್ಟಲೆ ಕಷಾಯ ಕುಡಿಯುವ ಮೊದಲು ವೈದ್ಯರಿಗೆ ತಿಳಿಸಬೇಕೆಂಬುದು ಇದರಿಂದ ಸ್ಪಷ್ಟ.

‘ಲುಕ್ಸಾನ ಏನಿಲ್ಲ’ ಎಂಬ ಮಾತು

ಅಶ್ವಗಂಧಕ್ಕೂ ಇಂಥ ಕಥೆಯಿದೆ. ಅದನ್ನು ಸೇವಿಸಿದ ಐದು ಮಂದಿಗೆ ಪಿತ್ತಜನಕಾಂಗ ಕೆಟ್ಟದ್ದನ್ನು ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ವರದಿ ಮಾಡಿದರು. 2021ರ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯವೇ ಔಷಧ ತಯಾರಕರಿಗೆ ಅಶ್ವಗಂಧದ ಎಲೆ ಬೆರೆಸದೆ ಬೇರನ್ನಷ್ಟೇ ಬಳಸುವಂತೆ ಸೂಚಿಸಿತು. 2023ರಲ್ಲಿ ಡೆನ್ಮಾರ್ಕ್ ಇದರ ಮಾರಾಟವನ್ನೇ ನಿಷೇಧಿಸಿತು.

ಡಬ್ಬಿಯೊಳಗೆ ಹೆಸರಿನ ಗಿಡವಷ್ಟೇ ಇದೆ ಎಂಬ ಭರವಸೆಯೂ ಇಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಿಂದ ದಕ್ಷಿಣ ಏಷ್ಯದ 70 ಆಯುರ್ವೇದ ತಯಾರಿಕೆಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಾದರೂ ಇತ್ತು. ಸೀಸ ವೀರ್ಯಾಣುಗಳಿಗೇ ಶತ್ರು. ಮಗುವಿಗಾಗಿ ತಿಂದ ಪುಡಿ ಮಗುವನ್ನೇ ತಡೆಯುವ ಸಾಧ್ಯತೆ ಇದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿಲ್ಲವೆ? ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಪ್ರಕಾರ ಪುರುಷರ ಲೈಂಗಿಕ ದೌರ್ಬಲ್ಯ, ಸ್ತ್ರೀಯರ ಬಂಜೆತನ ಮುಂತಾದವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಬಸ್‌ನಿಲ್ದಾಣದ ಗೋಡೆಗಳನ್ನು ನೋಡಿದವರಿಗೆ ಈ ಕಾಯಿದೆ ಎಷ್ಟು ಜಾರಿಯಲ್ಲಿದೆಯೆಂದು ಹೇಳಬೇಕಾಗಿಲ್ಲ.

ಪುಲ್ಲಿಂಗವಿಲ್ಲದ ಪದ

ಇಷ್ಟೆಲ್ಲ ಲೆಕ್ಕಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದು ಕಾಲದ್ದು, ಮತ್ತು ಒಬ್ಬ ಹೆಣ್ಣುಮಗಳದ್ದು.

ಕನ್ನಡದಲ್ಲಿ ‘ಬಂಜೆ’ ಎಂಬ ಪದವಿದೆ. ಆಡುಮಾತಿನಲ್ಲಿ ಅದಕ್ಕೆ ಪುಲ್ಲಿಂಗ ಯಾವುದು? ಹುಡುಕಿದರೂ ಸಿಗದು. ಗಂಡಸಿಗೆ ಹೇಳುವ ಬೈಗುಳದ ಮಾತುಗಳ ಅರ್ಥವೇ ಬೇರೆ. ಅವು ದೈಹಿಕ ಸಾಮರ್ಥ್ಯವನ್ನು ಕುರಿತವು. ವೀರ್ಯಾಣುಗಳ ಸಂಖ್ಯೆಗೂ ಆ ಸಾಮರ್ಥ್ಯಕ್ಕೂ ನೇರ ಸಂಬಂಧವಿಲ್ಲ. ಗಟ್ಟಿಮುಟ್ಟಾದ, ಸಂಸಾರದಲ್ಲಿ ಯಾವ ತೊಂದರೆಯೂ ಇಲ್ಲದ ಪುರುಷನಲ್ಲೂ ವೀರ್ಯಾಣುಗಳು ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಮೈಕಟ್ಟಿನಿಂದ ಅದು ತಿಳಿಯುವುದಿಲ್ಲ, ಸೂಕ್ಷ್ಮದರ್ಶಕದಿಂದ ಮಾತ್ರ ತಿಳಿಯುತ್ತದೆ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಪೂರ್ತಿಯಾಗಿಯೋ ಭಾಗಶಃವೋ ಸೇರಿರುತ್ತದೆ. ಆದರೂ ಹಳ್ಳಿಯ ಮನೆಯಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತು. ಮದುವೆಯಾಗಿ ಎರಡು ವರ್ಷವಾದರೆ ಸೊಸೆಗೆ ಹರಕೆ, ಉಪವಾಸ, ನಾಟಿ ಔಷಧ. ಮೂರನೆಯ ವರ್ಷ ಆಸ್ಪತ್ರೆ, ಸ್ಕ್ಯಾನಿಂಗು, ಮಾತ್ರೆ. ನಾಲ್ಕನೆಯ ವರ್ಷ ತವರಿನ ದಾರಿ, ಇಲ್ಲವೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು. ಈ ಅವಧಿಯಲ್ಲಿ ಮಗ ಗುಟ್ಟಾಗಿ ಪುಡಿ ತಿಂದಿರುತ್ತಾನೆ, ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ.

ವೀರ್ಯ ಪರೀಕ್ಷೆ ಬಹಳ ಸರಳವಾದದ್ದು. ಸೂಜಿಯಿಲ್ಲ, ಕೊಯ್ಯುವುದಿಲ್ಲ. ಹೆಂಗಸಿಗೆ ಮಾಡುವ ಪರೀಕ್ಷೆಗಳಿಗೆ ಹೋಲಿಸಿದರೆ ಖರ್ಚೂ ಕಡಿಮೆ, ನೋವೂ ಇಲ್ಲ. ಕಲಬುರಗಿಯಂಥ ಊರಿನ ಪ್ರಯೋಗಾಲಯದಲ್ಲಿ ಒಂದು ದಿನದ ಕೆಲಸ. ಒಂದು ವರ್ಷ ಜೊತೆಯಲ್ಲಿ ಬಾಳಿಯೂ ಮಗುವಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಪರೀಕ್ಷೆಗೆ ಹೋಗಬೇಕೆನ್ನುವುದು ವೈದ್ಯರ ನಿಯಮ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ವೃಷಣದ ರಕ್ತನಾಳ ಉಬ್ಬಿದ್ದರೆ ಶಸ್ತ್ರಚಿಕಿತ್ಸೆ ಇದೆ. ಸೋಂಕಿಗೆ, ಹಾರ್ಮೋನಿನ ಕೊರತೆಗೆ ಔಷಧವಿದೆ. ನಾಳ ಮುಚ್ಚಿದ್ದರೆ ಯಾವ ಬೇರೂ ಅದನ್ನು ತೆರೆಯಲಾರದು. ಪುಡಿಯನ್ನು ನಂಬಿ ಕಳೆದ ಮೂರು ವರ್ಷಗಳಲ್ಲಿ ಹೆಂಡತಿಯ ವಯಸ್ಸೂ ಮೂರು ವರ್ಷ ಕಳೆದಿರುತ್ತದೆ. ಆ ವರ್ಷಗಳನ್ನು ಯಾವ ರಸಾಯನವೂ ಮರಳಿ ತಾರದು.

ಖರ್ಚಿಲ್ಲದ ಔಷಧಗಳೂ ಇವೆ. ತಂಬಾಕು, ಗುಟ್ಕಾ, ಬೀಡಿ ಬಿಡುವುದು, ಕುಡಿತ ಬಿಡುವುದು, ಹೊಟ್ಟೆಯ ಬೊಜ್ಜು ಇಳಿಸುವುದು, ಸಕ್ಕರೆ ಕಾಯಿಲೆಯನ್ನು ಹಿಡಿತದಲ್ಲಿಡುವುದು, ಹೊಲಕ್ಕೆ ಕೀಟನಾಶಕ ಹೊಡೆಯುವಾಗ ಬಾಯಿ ಮೂಗಿಗೆ ಬಟ್ಟೆ, ಕೈಗೆ ಗವಸು ಹಾಕಿಕೊಂಡು, ಕೆಲಸ ಮುಗಿದೊಡನೆ ಸ್ನಾನ ಮಾಡುವುದು. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು, ಶೇಂಗಾ ಇರುವ ಊಟ ಯಾವ ಡಬ್ಬಿಗೂ ಕಡಿಮೆಯಲ್ಲ. ಆಯುರ್ವೇದವನ್ನೇ ನಂಬುವವರು ಬಿ.ಎ.ಎಂ.ಎಸ್. ಓದಿದ, ನೋಂದಾಯಿತ ವೈದ್ಯರಲ್ಲಿಗೆ ಹೋಗಲಿ. ಪರೀಕ್ಷೆಯ ವರದಿಯನ್ನು ಜೊತೆಗೆ ಒಯ್ಯಲಿ. ತಿನ್ನುತ್ತಿರುವ ಪುಡಿಯ ಹೆಸರನ್ನು ಇತರ ವೈದ್ಯರಿಗೂ ಹೇಳಲಿ.

ಮಾಡಿ ನೋಡಿ

ವಿದ್ಯಾರ್ಥಿಗಳು ಈ ರಜೆಯಲ್ಲಿ ಹೊಲದ ಬದುವಿಗೆ ಹೋಗಿ ನೆಗ್ಗಿನ ಮುಳ್ಳು, ಹಿರೇಮದ್ದು, ಅಮೃತಬಳ್ಳಿಗಳನ್ನು ಗುರುತಿಸಲಿ. ಎಲೆ, ಹೂವುಗಳನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಊರಿನ ಹೆಸರು, ದಿನಾಂಕ ಬರೆದು ಅಂಟಿಸಲಿ. ಯಾವುದನ್ನೂ ಬಾಯಿಗೆ ಹಾಕಿಕೊಳ್ಳಬಾರದು. ಮನೆಯಲ್ಲಿ ಗಿಡಮೂಲಿಕೆಯ ಡಬ್ಬಿ ಇದ್ದರೆ ಅದರ ಮೇಲಿನ ಬರಹವನ್ನು ಟಿಪ್ಪಣಿ ಪುಸ್ತಕದಲ್ಲಿ ಇಳಿಸಿಕೊಂಡು ನಾಲ್ಕು ಪ್ರಶ್ನೆ ಕೇಳಲಿ. ಒಳಗೆ ಏನೇನು, ಎಷ್ಟೆಷ್ಟಿದೆ? ತಯಾರಕರ ಪರವಾನಗಿ ಸಂಖ್ಯೆ ಇದೆಯೆ? ಯಾರ ಮೇಲೆ, ಎಷ್ಟು ಜನರ ಮೇಲೆ ಪರೀಕ್ಷಿಸಿದ್ದಾರೆ? ಹುಸಿ ಔಷಧದೊಂದಿಗೆ ಹೋಲಿಸಿದ್ದಾರೆಯೆ?

ಎಷ್ಟೋ ಡಬ್ಬಿಗಳು ಮೂರನೆಯ ಪ್ರಶ್ನೆಗೇ ಸುಮ್ಮನಾಗುತ್ತವೆ. ಆ ಟಿಪ್ಪಣಿ ಪುಸ್ತಕವನ್ನು ಮಕ್ಕಳು ಒಮ್ಮೆ ಮನೆಯ ಹಿರಿಯರಿಗೂ ತೋರಿಸಲಿ. ಪಕ್ಕದ ಮನೆಯ ಸೊಸೆಯನ್ನು ಯಾರಾದರೂ ಆ ಒಂದು ಪದದಿಂದ ಕರೆದರೆ, “ಅಣ್ಣಾರ ಪರೀಕ್ಷೆ ಆಗ್ಯಾದೇನ್ರಿ?” ಎಂದು ಕೇಳುವಷ್ಟು ವಿಜ್ಞಾನ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ.